ಹ್ಯಾಟಿನ ಅಂಚು

ಎಲೂಥರಾ,
ಭಾನುವಾರ ಮಧ್ಯಾಹ್ನ

ನನ್ನ ಪರ್ಲೀನ್‌ಗೆ (ಇನ್ನೂ ನನ್ನವಳೇ ಆಗಿದ್ದರೆ),

ಫೋನಿನಲ್ಲಿ ಹೇಳಿದರೆ ನೀನು ನಕ್ಕು ಹಾರಿಸಿಬಿಡುತ್ತೀಯೆ. ಅದಕ್ಕೇ ಈ ಕಾಗದ. ನಾಳೆ ಬೆಳಗಿನ ದೋಣಿಗೆ ಅಲ್ಲಿಗೆ ಬರುವ ನನ್ನ ಗಂಡ ನೇಮನ್‌ನ ಕೈಯಲ್ಲೇ ಕಳಿಸುತ್ತಿದ್ದೇನೆ.

ಪ್ರವಾಸಿ ಹಡಗಿನ ಕಂಪನಿಯವರು ನಮ್ಮೂರೆದುರಿನ ಆ ಪುಟ್ಟ ದ್ವೀಪ ಕೊಂಡ ಮೇಲೆ ನೀನೂ ನೇಮನ್ನೂ ಕೆಲಸಕ್ಕೆಂದು ಅಲ್ಲೇ ಬೀಡುಬಿಟ್ಟಿದ್ದೀರಿ. ನೇಮನ್ ಶಂಖದ ಮಾಂಸ ಹೆಚ್ಚಿ ನಿಂಬೆ ಹಿಂಡಿದರೆ ಹಡಗಿನಿಂದಿಳಿದ ಜನ ಚಪ್ಪಾಳೆ ತಟ್ಟುತ್ತಾರಂತೆ. ಪಕ್ಕದ ಗುಡಿಸಲಲ್ಲಿ ನೀನು ಅವರ ಹೆಂಗಸರಿಗೆ ಜಡೆ ಹೆಣೆಯುತ್ತೀಯಂತೆ. ಈಸ್ಟರ್ ಸೋಮವಾರ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಮರಳದಂಡೆ ಅದು. ಈಗ ಅಲ್ಲಿ ಕಾಲಿಡಲು ನನಗೆ ಪಾಸು ಬೇಕು. ಹೊಟ್ಟೆಕಿಚ್ಚೇ ಎಂದು ಕೇಳುತ್ತೀಯಾ? ಹೌದು, ಇದೆ.

ನೇಮನ್ ರಜೆಗೆ ಬಂದಾಗ ತಲೆಯ ಮೇಲೆ ಹೊಸ ಹ್ಯಾಟಿತ್ತು. "ಅಲ್ಲೇ ಅಂಗಡೀಲಿ ತಗೊಂಡೆ ಕಣೇ" ಎಂದ. ಆ ಅಂಗಡಿಯ ಹ್ಯಾಟುಗಳು ದೂರದೇಶದಿಂದ ಪೆಟ್ಟಿಗೆಗಳಲ್ಲಿ ಬರುತ್ತವೆಂದು ಊರಿಗೇ ಗೊತ್ತು. ಇದು ನಮ್ಮ ತಾಳೆಗರಿ, ಒಳಕ್ಕೆ ಮಡಿಸಿ ಮುಚ್ಚಿದ ಅಂಚು. ಆ ಅಂಚನ್ನು ನಿನ್ನಜ್ಜಿ ನಿನಗೊಬ್ಬಳಿಗೇ ಕಲಿಸಿದ್ದು. ನಾನು ಬಾಗಿಲ ಹೊರಗೆ ಗರಿ ಸೀಳುತ್ತ ಕೂತಿದ್ದೆ. ನಮ್ಮೂರ ಹೆಂಗಸು ಹ್ಯಾಟು ಹೆಣೆದುಕೊಡುವುದು ಗಂಡನಿಗೆ, ಇಲ್ಲವೇ ಕಾಸು ಕೊಟ್ಟವನಿಗೆ. ನೇಮನ್ ಕಾಸು ಬಿಚ್ಚುವ ಆಸಾಮಿಯಲ್ಲ.

ಹೋದ ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಮುದುಕಿ ಒಲಿಂಡಾ, "ಏನ್ ನೇಮನ್, ಪರ್ಲೀನ್‌ಳನ್ನೇ ತಲೆ ಮೇಲೆ ಹೊತ್ಕೊಂಡು ಓಡಾಡ್ತಿದೀಯಲ್ಲೋ!" ಎಂದಳು. ಎಲ್ಲರೂ ಗೊಳ್ಳೆಂದರು. ನಾನೂ ಹಲ್ಲುಕಚ್ಚಿ ನಕ್ಕೆ. ಮನೆಗೆ ಬಂದವಳೇ ಹ್ಯಾಟು ಕಿತ್ತುಕೊಂಡು ನೆತ್ತಿಯಿಂದ ಬಿಚ್ಚತೊಡಗಿದೆ.

ನೇಮನ್ ಆಗ ಬಾಯಿಬಿಟ್ಟ. ದ್ವೀಪದ ಗಂಡಾಳುಗಳೆಲ್ಲ ನಮ್ಮೂರ ಹ್ಯಾಟೇ ಹಾಕಬೇಕೆಂದು ಮ್ಯಾನೇಜರ್ ಹೇಳಿದನಂತೆ, ಎಲ್ಲರಿಗೂ ನೀನೇ ಹೆಣೆದೆಯಂತೆ, ದುಡ್ಡು ಕಂಪನಿಯದಂತೆ. "ನಿಂಗೆ ಹೇಳಿದ್ರೆ ರಂಪ ಮಾಡ್ತೀಯ ಅಂತ ಸುಮ್ನಿದ್ದೆ" ಎಂದ. ನೀನು ಗಂಡನನ್ನು ಕದ್ದಿಲ್ಲವೆಂದು ನನಗೆ ಸಮಾಧಾನವಾಗಬೇಕಿತ್ತು. ಉರಿ ಇನ್ನೂ ಹೆಚ್ಚಾಯಿತು, ಪರ್ಲೀನ್. ಅಲ್ಲಿರುವ ಪ್ರತಿಯೊಬ್ಬ ಗಂಡಸಿನ ತಲೆಯ ಮೇಲೂ ನೀನೇ!

ಆ ಕಂಪನಿಗೆ ಹ್ಯಾಟು ಕೊಡಬೇಕೆಂದು ನನಗೆ ಎಂದೂ ಅನಿಸಿಲ್ಲ. ಕೈಮುಗಿದು ಕೇಳಿದರೂ ಕೊಡುವವಳಲ್ಲ. ನಿನ್ನ ಸುಖ ನಿನಗಿರಲಿ. ಪೇರಲೆ ಹಣ್ಣಿನ ಕಡುಬು ಕಳಿಸಿದ್ದೇನೆ, ಬಿಸಿಮಾಡಿಕೊಂಡು ತಿನ್ನು. ಸಿಟ್ಟು ಸಿಟ್ಟೇ, ಕಡುಬು ಕಡುಬೇ.

ಹಾಗೆ ಬರೆಯಲು ಮನಸ್ಸಿಲ್ಲದಿದ್ದರೂ, ನಿನ್ನ ಗೆಳತಿ,
ಇಸ್ಮೇ

ತಾ.ಕ.: ಅಂಚು ಬಿಚ್ಚಿಕೊಳ್ಳುತ್ತದೆಂದು ಮ್ಯಾನೇಜರ್ ವಾಪಸು ಕಳಿಸಿದ ಹೆಸರಿಲ್ಲದ ಹ್ಯಾಟೊಂದನ್ನು ನೀನು ನೋಡಿರಬೇಕು. ಅದು ನನ್ನದು. ನೇಮನ್ ರಜೆಗೆ ಬರುವ ಮುಂಚೆಯೇ, ಅಲ್ಲಿನ ಅಂಗಡಿಗೆ ತೆಗೆದುಕೊಳ್ಳಲೆಂದು, ಅವನಿಗೂ ತಿಳಿಯದಂತೆ ದೋಣಿಯವನ ಕೈಯಲ್ಲಿ ಕೊಟ್ಟಿದ್ದೆ. ನಿನ್ನ ಹ್ಯಾಟನ್ನು ಸಿಟ್ಟಿನಲ್ಲಿ ಬಿಚ್ಚಿದ್ದು ನಿಜ, ಆದರೆ ಅಂಚಿಗೆ ಬರುತ್ತಲೇ ಕೈ ನಿಧಾನವಾಯಿತು. ಒಂದೊಂದೇ ಮಡಿಕೆ ಬಿಚ್ಚಿ ನೋಡಿದೆ, ಮತ್ತೆ ಮಡಿಸಿದೆ, ವಾರವೆಲ್ಲ ಅದೇ ಕೆಲಸ. ನಾಳೆ ನೇಮನ್ ಹಾಕಿಕೊಂಡು ಬರುವುದು ನಾನೇ ಹೊಸದಾಗಿ ಹೆಣೆದ ಹ್ಯಾಟು. ಅಂಚು ಹಿಡಿದು ಜೋರಾಗಿ ಎಳೆದು ನೋಡು. ಬಿಚ್ಚಿಕೊಂಡರೆ ಯಾರಿಗೂ ಹೇಳಬೇಡ. ಬಿಚ್ಚಿಕೊಳ್ಳದಿದ್ದರೆ ಮ್ಯಾನೇಜರಿಗೆ ನನ್ನ ಹೆಸರು ಹೇಳು.