ಒಂಬತ್ತು ಸಲ ಹಚ್ಚಿದ ಫೋನು

ಹೊಳೆದಂಡೆ ಓಣಿ,
ಶಹಾಪುರ ತಾಲ್ಲೂಕು
೧೮ ಆಗಸ್ಟ್ ೨೦೨೫, ಸೋಮವಾರ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮುಂದಿರುವ ಮಾನ್ಯರೇ, ವೇದಿಕೆಗೂ ಊಟದ ಪೆಂಡಾಲಿಗೂ ನಡುವೆ ಅನುಮಾನಿಸುತ್ತ ನಿಂತಿರುವ ಅಸಂಖ್ಯಾತ ಬಂಧುಗಳೇ, ಮತ್ತು ಈ ಸಮಸ್ತ ಸಭೆಯನ್ನು ಒಬ್ಬಳೇ ತುಂಬಬಲ್ಲ ನನ್ನ ಪ್ರೀತಿಯ ಕಸ್ತೂರಿ ಅಕ್ಕಾ,

ನಿನ್ನ ತಮ್ಮ ಸಂಗಮನಾಥ ಮಾಡುವ ನಮಸ್ಕಾರ. ಮೊದಲು ಮಂಡಿನೋವಿನ ಸಮಾಚಾರ ಹೇಳು. ಎಣ್ಣೆ ತಿಕ್ಕುತ್ತಿದ್ದೀಯೋ, ಅಥವಾ ಹಾಸ್ಟೆಲ್ಲಿನ ಇನ್ನೂರು ಹುಡುಗಿಯರಿಗೆ ರೊಟ್ಟಿ ಬಡಿಯುವುದರಲ್ಲಿ ಮಂಡಿಯ ಸರದಿ ಬರುವುದೇ ಇಲ್ಲವೋ? ನೀನು ಗುರುಮಠಕಲ್ಲಿಗೆ ಅಡುಗೆ ಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು. ಹೋದ ಸಲ ಬಂದಾಗ ನಮ್ಮ ಬೆಕ್ಕನ್ನು ತೆಲುಗಿನಲ್ಲಿ ಬೈದೆ, ಬೆಕ್ಕು ಎಲ್ಲ ಅರ್ಥವಾದಂತೆ ಎದ್ದು ಹೋಯಿತು. ಇಲ್ಲಿ ನಾನು, ನನ್ನ ಮನೆಯೊಡತಿ ಪರಿಮಳಾ, ನಿನ್ನ ಮಗಳು ಶಿವಾನಿ, ಮೂವರೂ ಕ್ಷೇಮ. ಮನೆ ಒಣಗಿದೆ. ಗೋಡೆಯ ಮೇಲೆ ಮೊಳದೆತ್ತರಕ್ಕೆ ಹೊಳೆಯ ಗೆರೆ ಉಳಿದಿದೆ. ಪರಿಮಳಾ ಸುಣ್ಣ ಬಳಿದಳು, ಮರುದಿನ ಗೆರೆ ಮತ್ತೆ ಮೂಡಿತು. ಈಗ ಅದಕ್ಕೆ ಆತುಕೊಂಡಂತೆ ಹಿಟ್ಟಿನ ಡಬ್ಬಿ ಇಟ್ಟು ಮರೆಮಾಚಿದ್ದಾಳೆ.

ನೀನು ದಿನಾ ಫೋನು ಹಚ್ಚುತ್ತೀ, ನಾನು ಎತ್ತುವುದಿಲ್ಲ ಎಂದು ಶಿವಾನಿಯ ಮೊಬೈಲಿಗೆ ದೂರು ಬರೆದು ಕಳಿಸಿದ್ದೀ. ಅಕ್ಕಾ, ಇಲ್ಲಿ ನೆಟ್‌ವರ್ಕ್ ಇಲ್ಲ. ಟವರ್ ಇದೆ, ಪವರ್ ಇಲ್ಲ. ಪವರ್ ಬಂದರೆ ಟವರಿಗೆ ಜ್ವರ. ಹಾಗಾದರೆ ಶಿವಾನಿಯ ಮೊಬೈಲಿಗೆ ನಿನ್ನ ದೂರು ಹೇಗೆ ಬಂತು ಎಂದು ಕೇಳಬೇಡ, ಅದರ ಬಗ್ಗೆ ನನಗೂ ಅನುಮಾನವಿದೆ. ಅಲ್ಲದೆ ಕನ್ನಡದಲ್ಲಿ ಬಿ.ಎ. ಮಾಡಿದವನು ಹಲೋ ಹಲೋ ಎಂದು ಅರಚುವುದು ಅವನ ಪದವಿಗೆ ಶೋಭೆಯಲ್ಲ. ಪತ್ರದಲ್ಲಾದರೆ ಪ್ರಾಸ ಉಂಟು, ಪ್ರಯಾಸ ಇಲ್ಲ. ಇದನ್ನು ನಾಳೆ ಬೆಳಗಿನ ಗುರುಮಠಕಲ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಮಧ್ಯಾಹ್ನದೊಳಗೆ ನಿನ್ನ ಹಿಟ್ಟಿನ ಕೈಗೆ ಸೇರುತ್ತದೆ.

ಈಗ ಸುದ್ದಿ. ಬರುವ ಗುರುವಾರ ಪಂಚಾಯಿತಿಯಲ್ಲಿ ಸಭೆ. ಲಾಲಮ್ಮಳನ್ನು ಕೆಲಸದಿಂದ ತೆಗೆಯಿರಿ ಎಂದು ಮೇಲಕ್ಕೆ ಬರೆಯಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನ ನಿಂತಿರುವುದು ನನ್ನ ಒಂದು ಹೇಳಿಕೆಯ ಮೇಲೆ. ಲಾಲಮ್ಮ ನಿನಗೆ ಗೊತ್ತಲ್ಲ, ಪೋಲಿಯೋದಲ್ಲಿ ಒಂದು ಕಾಲು ಸೋತವಳು, ಮೂರು ಗಾಲಿಯ ಸ್ಕೂಟಿಯಲ್ಲಿ ಊರು ಸುತ್ತಿ ಅಂಗವಿಕಲರ ಪಟ್ಟಿ, ಪ್ರಮಾಣಪತ್ರ, ಪಿಂಚಣಿ ನೋಡಿಕೊಳ್ಳುವವಳು. ಜೂನ್ ತಿಂಗಳಲ್ಲಿ ಆಕೆ ಓಣಿಯವರನ್ನೆಲ್ಲ ನನ್ನ ಗ್ರಂಥಾಲಯದಲ್ಲೇ ಕೂಡಿಸಿದ್ದಳು. ಗ್ರಂಥಾಲಯಕ್ಕೆ ಅಷ್ಟು ಜನ ಬಂದದ್ದು ಅದೇ ಮೊದಲು, ಪುಸ್ತಕಗಳೂ ಬೆದರಿದವು. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಾಗ ಡಂಗುರ ಹೊಡೆಸಿದರೆ ಸಾಕಲ್ಲ ಎಂದು ಹಿರಿಯರು ಅಂದರು. ಆಕೆ ಎದ್ದು ನಿಂತಳು. "ಡಂಗುರ ಬಡದ್ರ ಶಿವಾನಿಗಿ ಹ್ಯಾಂಗ ತಿಳೀಬೇಕ್ರಿ? ಭಾಗಮ್ಮಗ ತಿಳೀತದ, ಖರೆ ಆಕಿ ಹ್ಯಾಂಗ ಎದ್ದು ಬರಬೇಕ್ರಿ?" ಹುಟ್ಟಿದಾಗಿನಿಂದ ಕಿವಿ ಕೇಳದ ನಿನ್ನ ಮಗಳು, ಲಕ್ವಾ ಹೊಡೆದು ಹೊರಸು ಹಿಡಿದ ಭಾಗಮ್ಮ, ಇಬ್ಬರ ಹೆಸರೂ ಒಂದೇ ಉಸಿರಿನಲ್ಲಿ ಬಂದ ಮೇಲೆ ಹಿರಿಯರು ಡಂಗುರದ ಮಾತು ಕೈಬಿಟ್ಟರು.

ಹೀಗೆ ಕಟ್ಟಳೆ ಆಯಿತು. ತಾಲ್ಲೂಕಿನಿಂದ ಸುದ್ದಿ ಬಂದ ಕೂಡಲೇ ಲಾಲಮ್ಮ ಓಣಿಗೊಂದು ಫೋನಿಗೆ ಹಚ್ಚಬೇಕು, ಆ ಫೋನು ಇದ್ದವನು ಮನೆಮನೆಗೆ ಓಡಿ ಕೂಗಬೇಕು. ಕೇಳಿಸದವರಿಗಾಗಿ ದಂಡೆಯ ಮೇಲೆ ಕೆಂಪು ಬಟ್ಟೆ ಬೀಸಬೇಕು. ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ತಮ್ಮನ್ನು ಕರೆದೊಯ್ಯಲು ಬರುವ ಇಬ್ಬರನ್ನು ತಾವೇ ಆರಿಸಿಕೊಳ್ಳಬೇಕು. ನಮ್ಮ ಓಣಿಯ ಫೋನು ಯಾರದ್ದು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಹಬ್ಬ, ಜಯಂತಿ, ಬೀಳ್ಕೊಡುಗೆ, ಈ ಊರಿನಲ್ಲಿ ಮೈಕು ಹಿಡಿದು ನಿರೂಪಣೆ ಮಾಡುವವನು ನಾನೊಬ್ಬನೇ ತಾನೆ. ನಾನು ಕೂತಲ್ಲೇ ಕಟ್ಟಿಯೂ ಹೇಳಿದೆ: "ಹೊಳಿ ಬರಾಕತ್ತದ, ಹಾಸಿಗಿ ಬಿಟ್ಟು ಏಳ್ರಿ, ನಡೀಲಾರದವರ್ನ ಮೊದಲ ಹೆಗಲಿಗಿ ತಗೊಳ್ರಿ!" ಚಪ್ಪಾಳೆ ಬಿತ್ತು. ಕೆಂಪು ಬಟ್ಟೆಯ ಬಗ್ಗೆ "ಏನವ್ವಾ ಲಾಲಮ್ಮ, ರೈಲು ನಿಲ್ಲಿಸ್ತೀಯೇನು?" ಎಂದೂ ಒಂದು ಮಾತು ಎಸೆದೆ, ಅದಕ್ಕೂ ನಕ್ಕರು. ಭಾಗಮ್ಮ ಕೂಗಲು ನನ್ನನ್ನೂ ಹೊರಲು ಪಕ್ಕದ ಮನೆಯ ಪಂಕ್ಚರ್ ಅಂಗಡಿ ಸುಲ್ತಾನಸಾಬನನ್ನೂ ಆರಿಸಿಕೊಂಡಳು. ನಿನ್ನ ಮಗಳು ಮಾತ್ರ ಪರಿಮಳಾ ಮತ್ತು ಸುಲ್ತಾನಸಾಬ ಎಂದು ಬರೆದುಕೊಟ್ಟಳು. ಹೆಗಲ ಮೇಲೆ ಹೊತ್ತು ಬೆಳೆಸಿದ ಸೋದರಮಾವನನ್ನು ಬಿಟ್ಟು ಸೈಕಲ್ ಟ್ಯೂಬಿಗೆ ತೇಪೆ ಹಚ್ಚುವವನು! ನನ್ನ ಅನುಮಾನ ಆವತ್ತೇ ಮೊಳೆಯಿತು.

ಹತ್ತನೇ ತಾರೀಖು, ಭಾನುವಾರ ಮಧ್ಯಾಹ್ನ ಮೇಲಿನಿಂದ ನೀರು ಬಿಟ್ಟರು. ಪರಿಮಳಾ ಸುರಪುರಕ್ಕೆ ತವರಿಗೆ ಹೋಗಿದ್ದಳು. ನಾನು ಮನೆಯಲ್ಲಿ ಕೂತು ಹದಿನೈದನೇ ತಾರೀಖಿನ ಧ್ವಜಾರೋಹಣದ ನಿರೂಪಣೆಗೆ ಪ್ರಾಸ ಹೊಂದಿಸುತ್ತಿದ್ದೆ. ಫೋನು ಬರಲಿಲ್ಲ. ಬರಲಿಲ್ಲ ಎಂದೇ ಎಲ್ಲರಿಗೂ ಹೇಳಿದ್ದೇನೆ. ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಶಿವಾನಿಗೆ ದಂಡೆಯ ಮೇಲೆ ಲಾಲಮ್ಮ ಸ್ಕೂಟಿಯ ಮೇಲೆ ಕೂತು ಕೆಂಪು ಬಟ್ಟೆ ಬೀಸುವುದು ಕಂಡಿತು. ಕೆಸರಿನಲ್ಲಿ ಆ ಗಾಡಿ ಓಣಿಗೆ ಇಳಿಯುವಂತಿರಲಿಲ್ಲ. ನಿನ್ನ ಮಗಳು ಓಡಿ ಸುಲ್ತಾನಸಾಬನ ಬಾಗಿಲು ಬಡಿದಳು, ಆತ ಓಣಿ ಎಬ್ಬಿಸಿದ. ಇಬ್ಬರೂ ಭಾಗಮ್ಮಳ ಮನೆ ಹೊಕ್ಕಾಗ ಹೊರಸಿನ ಕಾಲುಗಳು ಮುಳುಗಿದ್ದವಂತೆ. ಆಕೆಯನ್ನು ಬೆನ್ನ ಮೇಲೆ ಹಾಕಿಕೊಂಡು ಶಾಲೆಗೆ ಒಯ್ದರು. ಸಂಜೆ ನಾನು ಶಾಲೆಗೆ ಹೋದರೆ ಭಾಗಮ್ಮ ಅಂದದ್ದು ಇಷ್ಟೇ: "ಸಂಗಪ್ಪ, ನೀ ಬಂದು ಕೂಗ್ತೀ ಅಂತ ಕಾಯ್ಕೋತ ಮಲಗಿದ್ನೋ ಯಪ್ಪಾ. ನೀರು ಬೆನ್ನಿಗಿ ಹತ್ತಿದ್ರೂ ನೀ ಇನ್ನ ಕೂಗಿಲ್ಲಲ್ಲ ಅಂತ ಸುಮ್ಮನಿದ್ದೆ."

ಅಂದಿನಿಂದ ಓಣಿಯವರ ಬಾಯಲ್ಲಿ ಒಂದೇ ಮಾತು. ಲಾಲಮ್ಮ ಫೋನೇ ಹಚ್ಚಿಲ್ಲ, ಮೈಗಳ್ಳತನ ಮುಚ್ಚಿಕೊಳ್ಳಲು ಬಟ್ಟೆ ಬೀಸಿದ್ದಾಳೆ ಎಂದು. ಆಕೆ, "ಒಂಬತ್ತು ಸಲ ಹಚ್ಚೀನ್ರಿ. ಎಂಟು ಆದ ಮ್ಯಾಲ ಗಾಡಿ ಹತ್ತೀನಿ, ಒಂಬತ್ತನೇದು ದಂಡಿ ಮ್ಯಾಲಿಂದ" ಎನ್ನುತ್ತಾಳೆ, ತನ್ನ ಮೊಬೈಲಿನಲ್ಲಿ ಒಂಬತ್ತು ಕರೆ ತೋರಿಸುತ್ತಾಳೆ. ನನ್ನ ಮೊಬೈಲಿನಲ್ಲಿ ಒಂದೂ ಇಲ್ಲ, ನಾನೂ ಎಲ್ಲರಿಗೂ ತೋರಿಸಿದ್ದೇನೆ. ಎರಡು ಮೊಬೈಲುಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ. ಟವರಿನವರು ಬಂದು ನೋಡಿ ಎಲ್ಲ ಸರಿ ಇದೆ ಎಂದು ಹೋದರು. ಹೋಗುವಾಗ ನನ್ನನ್ನು ಒಂದು ಥರ ನೋಡಿದರು. ಆ ನೋಟವೂ ನನ್ನ ಅನುಮಾನದ ಪಟ್ಟಿಯಲ್ಲಿದೆ.

ಆ ಪಟ್ಟಿ ಬೆಳೆಯುತ್ತಲೇ ಇದೆ ಅಕ್ಕಾ. ಇತ್ತೀಚೆಗೆ ಈ ಊರಿನಲ್ಲಿ ಎಲ್ಲರೂ ಪಿಸುಗುಡುತ್ತಾರೆ. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರೆ ನಾನು ಬಂದ ಕೂಡಲೇ ದನಿ ಇಳಿಸುತ್ತಾರೆ. ಬಸ್ಸಿನ ಕಂಡಕ್ಟರ್ ಪಿಸುಗುಡುತ್ತಾನೆ, ಟಿವಿಯಲ್ಲಿ ವಾರ್ತೆ ಓದುವವಳೂ ಪಿಸುಗುಡುತ್ತಾಳೆ. ಪರಿಮಳಾ ಮಾತ್ರ ಅರಚುತ್ತಾಳೆ. "ಕೂಗಿ ಕೂಗಿ ನನ್ನ ಗಂಟಲು ಹರೀತು. ಕೇಳಿದ್ರೂ ಕೇಳಲಾರದಂಗ ಕುಂಡ್ರೋದು ನಿಮ್ಮ ಮನಿತನದ ಚಾಳಿ" ಎಂದು ನಿನ್ನನ್ನೂ ಸೇರಿಸಿ ಬೈಯುತ್ತಾಳೆ.

ಹೀಗಿರುವಾಗ ಮೊನ್ನೆ ಶನಿವಾರ ಪಂಚಾಯಿತಿಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ಹೆಸರು ಗೋಡೆಗೆ ಹಾಕಬಾರದೆಂದು ಲಾಲಮ್ಮಳ ನಿಯಮ, ಮನೆ ನಂಬರು ಮತ್ತು ಎಷ್ಟು ಜನಕ್ಕೆ ನೆರವು ಬೇಕು ಎಂಬುದಷ್ಟೇ. ನಮ್ಮ ಮನೆ ಹದಿನಾಲ್ಕು. ಅದರ ಮುಂದೆ ಎರಡು ಎಂದಿತ್ತು! ಜೂನಿನಲ್ಲಿ ಒಂದಿತ್ತು. ಶಿವಾನಿ ಒಬ್ಬಳು, ಇನ್ನೊಬ್ಬರು ಯಾರು? ಕನ್ನಡಕ ಒರೆಸಿ ನೋಡಿದೆ, ಎರಡೇ. ಮನಸ್ಸು ನೂರು ಕಡೆ ಓಡಿತು. ನೆರವು ಬೇಕಾದವರ ಸಂಖ್ಯೆ ಉಬ್ಬಿಸಿ ಓಣಿಯನ್ನೇ ಎತ್ತಿ ಗುಡ್ಡದ ಮೇಲೆ ಹಾಕುವ ಹುನ್ನಾರವೇ? ನನ್ನ ಹೇಳಿಕೆಗೆ ಹೆದರಿ ಲಾಲಮ್ಮ ಹೂಡಿದ ಆಟವೇ?

ಸುಲ್ತಾನಸಾಬನನ್ನು ಕೇಳಿದೆ. ಆತ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತ, ತಲೆ ಎತ್ತದೆ ಏನೋ ಅಂದ. ಏನು ಎಂದೆ. ಆಗ ಎದ್ದು ನನ್ನ ಎದುರಿಗೆ ಬಂದು ನಿಂತ. "ನಿಮ್ಮ ಮನ್ಯಾಗ ಎಷ್ಟು ಮಂದಿ ಅಂತ ನನಗ್ಯಾಕ ಕೇಳ್ತೀರಿ ಸಂಗಣ್ಣ? ನನ್ನ ಮನ್ಯಾಗ ಎಷ್ಟು ಮಂದಿ ಅಂತ ನನಗ ಪಕ್ಕಾ ಗೊತ್ತಿಲ್ಲ." ನಕ್ಕ, ಆದರೆ ಎದುರಿಗೆ ಬಂದು ಯಾಕೆ ನಿಂತ? ಅದನ್ನೂ ಪಟ್ಟಿಗೆ ಸೇರಿಸಿದೆ. ಶಿವಾನಿಯನ್ನು ಕೇಳಿದೆ, ಕೈಸನ್ನೆಯಲ್ಲಿ. ಆಕೆ ಎರಡು ಬೆರಳು ತೋರಿಸಿ, ಹೌದು ಎಂದು ತಲೆಯಾಡಿಸಿ, ರೊಟ್ಟಿ ತಿರುವಿ ಹಾಕಿದಳು.

ಇವತ್ತು ಬೆಳಿಗ್ಗೆ ಲಾಲಮ್ಮಳ ಮುಂದೆ ನಿಂತು ರಿಜಿಸ್ಟರ್ ತೋರಿಸು ಎಂದೆ. "ನೋಡಬ್ಯಾಡ್ರಿ ಸರ್, ಸಿಟ್ಟಿಗಿ ಬರ್ತೀರಿ" ಎಂದಳು. ನನ್ನ ಮನೆಯ ಪುಟ, ನನ್ನ ಹಕ್ಕು ಎಂದೆ. ತೆರೆದು ನನ್ನ ಕಡೆ ತಿರುಗಿಸಿದಳು. ಎರಡನೇ ಹೆಸರು ನನ್ನದು. ಬರೆದವಳು ನಿನ್ನ ಮಗಳು. ಕಲಬುರಗಿಯ ಕಿವುಡ ಮಕ್ಕಳ ಶಾಲೆಯಲ್ಲಿ ತಿದ್ದಿದ ಆ ದುಂಡನೆಯ ಅಕ್ಷರ ನನಗೆ ಗೊತ್ತಿಲ್ಲವೇ? ಇದ್ದದ್ದನ್ನು ಇದ್ದಂತೆ ನಕಲು ಮಾಡಿದ್ದೇನೆ:

"ಸಂಗಮನಾಥ. ವಯಸ್ಸು ೪೬. ನನ್ನ ಮಾಮ. ಎಡಗಿವಿ ಇಲ್ಲ. ಬಲಗಿವಿ ಸ್ವಲ್ಪ. ಅವರಿಗೆ ಗೊತ್ತು, ಅತ್ತೆಗೆ ಹೇಳಿಲ್ಲ. ಕೂಗಬೇಡಿ, ಎದುರಿಗೆ ಬಂದು ನಿಲ್ಲಿ. ಬೈದರೆ ಬೈಸಿಕೊಳ್ಳಿ. ಕರೆದುಕೊಂಡು ಬರುವವರು: ೧. ಶಿವಾನಿ. ೨. ಶಿವಾನಿ."

ನೋಡಿದೆಯಾ ಮಗಳ ಚೇಷ್ಟೆ? ಇದನ್ನು ಹೊಡೆದು ಹಾಕು ಎಂದು ಲಾಲಮ್ಮಳಿಗೆ ಹೇಳಿದೆ. "ಬರ್ದವರೇ ಹೊಡದು ಹಾಕಬೇಕ್ರಿ ಸರ್" ಎಂದಳು. ಹಾಗಾದರೆ ಗುರುವಾರ ಸಭೆಯಲ್ಲಿ ಇದನ್ನು ಓದಿ ನನ್ನ ಮಾನ ಕಳೆಯುತ್ತೀಯೇನು ಎಂದೆ. ರಿಜಿಸ್ಟರ್ ಮುಚ್ಚಿದಳು. "ಪಟ್ಟ್ಯಾಗಿನ ಮಾತು ಪಟ್ಟ್ಯಾಗ ಇರ್ತದ್ರಿ. ಕೆಲಸ ಹೋದ್ರ ಹೋಗವಲ್ದ್ಯಾಕ." ಕೆಲಸ ಹೋದರೂ ಹೇಳುವುದಿಲ್ಲವಂತೆ! ಇಷ್ಟು ಒಳ್ಳೆಯತನ ಯಾರಿಗಾದರೂ ಇರುತ್ತದೆಯೇ? ಇದರಲ್ಲೂ ಏನೋ ಇದೆ ಎಂದು ಅನುಮಾನಿಸುತ್ತಲೇ ಮನೆಗೆ ಬಂದೆ. ಬಂದು ಈ ಕಾಗದಕ್ಕೆ ಕೂತೆ.

ಇಲ್ಲಿಗೆ ಈ ಕಾರ್ಯಕ್ರಮ ಮುಕ್ತಾಯ. ವೇದಿಕೆ ಹಾಕಿದವರಿಗೂ ವೇದಿಕೆ ಬಿಚ್ಚುವವರಿಗೂ ವಂದನೆ. ಮಂಡಿಗೆ ಎಣ್ಣೆ ಮರೆಯಬೇಡ. ಶಿವಾನಿ ನಿನಗೆ ಎರಡೂ ಕೈಯಿಂದ ಮುತ್ತು ಕಳಿಸಿದ್ದಾಳೆ. ಪರಿಮಳಾಳ ನಮಸ್ಕಾರ, ಬೆಕ್ಕಿನದು ತೆಲುಗಿನಲ್ಲಿ.

ನಿನ್ನ ತಮ್ಮ,
ಸಂಗಮನಾಥ

ತಾ.ಕ.: ಅಕ್ಕಾ, ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಫೋನು ಬಂದಿತ್ತು. ಒಂಬತ್ತು ಸಲ. ನನ್ನ ಬೆನ್ನ ಹಿಂದೆ, ಗೋಡೆಯ ಮಾಡದಲ್ಲಿ, ಆರು ಅಡಿ ದೂರದಲ್ಲಿ. ಶಿವಾನಿ ಮಾಳಿಗೆಯಿಂದ ಓಡಿ ಬಂದಾಗ ಒಂಬತ್ತನೆಯದು ಬರುತ್ತಿತ್ತು. ಹುಟ್ಟಾ ಕೇಳಿಸದ ಹುಡುಗಿಗೆ ಅದರ ಬೆಳಕು ಕಂಡಿತು, ನನಗೆ ಸದ್ದು ಕೇಳಿಸಲಿಲ್ಲ. ಅದನ್ನು ತಂದು ನನ್ನ ಮುಖದ ಮುಂದೆ ಹಿಡಿದಳು. ಅದು ಬೆಳಗಿತು, ಆಮೇಲೆ ಆರಿತು. ಆಕೆ ಸುಲ್ತಾನಸಾಬನ ಮನೆಗೆ ಓಡಿದಳು. ನಾನು ಕೂತು ಒಂಬತ್ತೂ ಕರೆಗಳನ್ನು ಅಳಿಸಿದೆ, ಆಮೇಲೆ ಓಡಿದೆ. ಎರಡು ವರ್ಷದಿಂದ ಹೀಗಾಗಿದೆ. ಗ್ರಂಥಾಲಯದಲ್ಲಿ ಯಾರೂ ಮಾತಾಡುವುದಿಲ್ಲ, ವೇದಿಕೆಯ ಮೇಲೆ ನಾನೊಬ್ಬನೇ ಮಾತಾಡುತ್ತೇನೆ, ಯಾರಿಗೂ ತಿಳಿಯಲಿಲ್ಲ. ನನಗೆ ಬಾಯಿ ಇದೆಯೆಂದು ಫೋನು ಕೊಟ್ಟರು. ಬೇಡ ಎನ್ನಬೇಕಿತ್ತು, ಚಪ್ಪಾಳೆ ಕಂಡಿತು, ಇಟ್ಟುಕೊಂಡೆ. ಗುರುವಾರ ಇದನ್ನೆಲ್ಲ ಹೇಳುತ್ತೇನೆ, ಪ್ರಾಸವಿಲ್ಲದೆ. ಓಣಿಯ ಫೋನನ್ನು ಶಿವಾನಿಗೆ ಕೊಡಿ, ಹಚ್ಚಬೇಡಿ, ಬರೆದು ಕಳಿಸಿ, ಆಕೆ ನೋಡುತ್ತಾಳೆ, ಸುಲ್ತಾನಸಾಬ ಕೂಗುತ್ತಾನೆ ಎಂದೂ ಹೇಳುತ್ತೇನೆ. ನೀನು ಒಂದು ದಿನ ರಜೆ ಹಾಕಿ ಬಾ. ಸಭೆಯಲ್ಲಿ ನನ್ನ ಬಲಗಡೆ ಕೂಡು. ಲಾಲಮ್ಮ ನನಗೆ ಏನಾದರೂ ಅಂದರೆ ಅದು ನನಗೆ ತಪ್ಪಬಾರದು.