ನಿನ್ನ ಪಾಲಿನ ನಳಿಗೆ

ನೊರೀನ್,

ಶನಿವಾರ ಜಿಂಕೆ ಬೇಟೆ ಶುರು. ಅಯೋವಾದ ಡಿಸೆಂಬರ್ ಚಳಿ ನಿನಗೇನು ಹೊಸದಲ್ಲ. ನನಗೆ ಮಾತ್ರ ಈ ಸಲ ಅದು ಹೊಸದಾಗಿ ಕಚ್ಚುತ್ತಿದೆ, ಯಾಕೆಂದರೆ ನೀನಿಲ್ಲ.

ಬೇರೆಯಾದಾಗ ಮನೆ, ನಾಯಿ, ಟ್ರಕ್ಕು ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡೆವು. ಕೋವಿ ಹಂಚಲು ಹೋಗಿ ನಗೆಪಾಟಲಾದೆವು. ಇದ್ದದ್ದು ಒಂದೇ ಕೋವಿ, ಅದಕ್ಕೆ ಬದಲಿಸಿ ಜೋಡಿಸುವ ಎರಡು ನಳಿಗೆ. ಕೋವಿ ಮತ್ತು ಅದರ ನುಣುಪು ನಳಿಗೆ ನನಗೆ. ಒಳಗೆ ಸುರುಳಿ ಗೀರುಗಳಿದ್ದ ಇನ್ನೊಂದು ನಳಿಗೆ ನಿನಗೆ, ಅದು ನಿನ್ನ ಸಂಬಳದಲ್ಲಿ ಕೊಂಡದ್ದು ಎಂದು. ಕೋವಿಯಿಲ್ಲದೆ ಅದು ಬರೀ ಕೊಳವೆ. ಆದರೂ ನೀನು ಹಟ ಹಿಡಿದು ಒಯ್ದೆ. ನನಗೆ ಒಳಗೊಳಗೇ ಖುಷಿ. ಬೇಟೆಯ ಕಾಲ ಬಂದರೆ ನಳಿಗೆ ಕೋವಿಯನ್ನು ಹುಡುಕಿಕೊಂಡು ಬರಲೇಬೇಕಲ್ಲ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆ.

ಮೊನ್ನೆ ಅಂಗಡಿಯಲ್ಲಿ ನನ್ನ ಕೈ ತಾನಾಗಿ ನೀನು ಕೊಳ್ಳುತ್ತಿದ್ದ ಡಬ್ಬಿಗೇ ಹೋಯಿತು, ಪ್ಲಾಸ್ಟಿಕ್ ಕವಚದ ಗುಂಡುಗಳು. ಅವು ನಳಿಗೆಯ ಗೀರುಗಳನ್ನು ಕಚ್ಚಿ ತಿರುಗಿದರೆ ಮಾತ್ರ ನೆಟ್ಟಗೆ ಹೋಗುತ್ತವೆ. ನನ್ನ ನುಣುಪು ನಳಿಗೆಗಾದರೆ ಗೀರು ಗುಂಡಿನ ಮೈಮೇಲೇ ಇರಬೇಕು. ಊರಿಗೆಲ್ಲ ಇದನ್ನು ಬೋಧಿಸಿದವನು ನಾನೇ. ಆದರೂ ನುಣುಪು ನಳಿಗೆಗೆ ಅವನ್ನೇ ತುಂಬಿ, ನಿನ್ನ ತಮ್ಮ ಡ್ವೇನ್ ಎದುರಿಗೇ ಹೊಲದಂಚಿನ ಹಲಗೆಗೆ ಹೊಡೆದೆ. ಒಂದು ಗುಂಡು ಅಡ್ಡಡ್ಡ ತಾಗಿತು, ಉಳಿದವು ಎಲ್ಲಿ ಹೋದವೋ ದೇವರೇ ಬಲ್ಲ.

"ಏನ್ ಭಾವ, ಹಲಗೇನ ಹೆದರಿಸಿ ಸಾಯಿಸ್ತೀಯಾ?" ಎಂದು ಅವನು ನಕ್ಕ. ಆಮೇಲೆ ಡಬ್ಬಿಯ ಮೇಲೆ ಅವನ ಕಣ್ಣು ಬಿತ್ತು. ಅದು ಯಾರ ಗುಂಡು ಎಂದು ಅವನಿಗೂ ಗೊತ್ತು. ತನ್ನ ಟ್ರಕ್ಕಿನತ್ತ ಹೋಗಿ ಒಂದು ಗಂಟು ತಂದ. ನಿನ್ನ ಕಿತ್ತಳೆ ಬಣ್ಣದ ಬೇಟೆ ಅಂಗಿ, ಅದರೊಳಗೆ ಸುತ್ತಿಟ್ಟ ನಳಿಗೆ.

"ಅಕ್ಕ ಕೊಟ್ಟಿದ್ದು. ಅವಳಿಗೆ ಇನ್ನು ಬೇಡ್ವಂತೆ."

ಬೇರೇನಾದರೂ ಹೇಳಿದಳಾ ಎಂದು ಕೇಳಿದೆ. ಇಲ್ಲ ಅಂದ. ಎಣ್ಣೆ ಸವರಿ, ತುಕ್ಕು ಹಿಡಿಯದಂತೆ ಇಟ್ಟಿದ್ದೀಯ. ಅಷ್ಟು ಜೋಪಾನ ಮಾಡಿದ್ದು ವಾಪಸು ಕಳಿಸುವುದಕ್ಕೇನಾ? ನಿನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿನ್ನೆ ಅದನ್ನು ಕೋವಿಗೆ ಜೋಡಿಸಿ, ನಿನ್ನ ಗುಂಡುಗಳನ್ನೇ ತುಂಬಿ ಹೊಡೆದೆ. ಹಲಗೆಯಲ್ಲಿ ತೂತುಗಳು ಒಂದನ್ನೊಂದು ಮುಟ್ಟುತ್ತಿದ್ದವು. ಡ್ವೇನ್ ಬೆನ್ನು ತಟ್ಟಿದ. ಗುರಿ ಅಷ್ಟು ಚೆನ್ನಾಗಿ ಬಿದ್ದ ದಿನ ನಾನು ಯಾವತ್ತೂ ಅತ್ತಿರಲಿಲ್ಲ.

ಚಳಿಗೆ ನಿನ್ನ ಬೆರಳು ಬೇಗ ಮರಗಟ್ಟುತ್ತವೆ, ಕೈಗವಸು ಮರೆಯಬೇಡ. ಯಾರ ಮಗ್ಗುಲಲ್ಲಿದ್ದರೂ ಬೆಚ್ಚಗಿರು.

ಲೈಲ್