ಹೊಸಿಲ ಮುಂದಿನ ನೀಲಿ

ಡಿಸೆಂಬರ್ 18, ಬುಧವಾರ

ಧನುರ್ಮಾಸದ ಹುಗ್ಗಿ ಆಯ್ತು. ಮೆಣಸು ಸ್ವಲ್ಪ ಮುಂದು. ಒಬ್ಬಳಿಗೆ ಎಷ್ಟು ಅಕ್ಕಿ ಅಂತ ಇನ್ನೂ ಕೈಗೆ ಅಂದಾಜಾಗಿಲ್ಲ ರತ್ನಾ. ಉಳಿದದ್ದು ಲಕ್ಷ್ಮೀಶನಿಗೆ. ಹಿತ್ತಿಲ ಶೆಡ್ ಬಾಡಿಗೆಗೆ ಹಿಡಿದಿದಾನಲ್ಲ, ಅವನು. ಪೇಂಟು, ತಿನ್ನರ್ ಗೋಡೌನ್ ಅಂತೆ. ಬೆಳಿಗ್ಗೆ ಬರ್ತಾನೆ, ಬಾಗಿಲಲ್ಲೇ ಕೂಗ್ತಾನೆ — "ದೊಡ್ಡಮ್ಮ, ಹುಗ್ಗಿ ಇದೆಯೋ, ನಿನ್ನೆ ಥರ ಪಾಯಸ ಆಗಿದೆಯೋ?" ತಿಂದು, ತಟ್ಟೆ ತಾನೇ ತೊಳೆದಿಟ್ಟು ಹೋಗ್ತಾನೆ. ಆಮೇಲೆ ಸಂಜೆ ತನಕ ನನ್ನ ಧ್ವನಿ ನನಗೇ ಕೇಳಿಸಲ್ಲ.

ನಿನಗೆ ಕಣ್ಣು ಮಂಜಾದ ಮೇಲೆ ನನ್ನ ಕಾಗದ ನಿನ್ನ ಸೊಸೆ ಓದಿ ಹೇಳ್ತಾಳೆ. ಅವಳ ಬಾಯಿಂದ ಬರೋ ಕಾಗದದಲ್ಲಿ "ಕ್ಷೇಮ" ಬಿಟ್ಟು ಏನು ಬರೀಲಿ? ಮಿಕ್ಕಿದ್ದು ಇಲ್ಲಿ, ಈ ಡೈರೀಲಿ. ಪೊಟ್ಟಣದ ಪೇಪರ್ ಬಿಡಿಸಿ ಬಿಡಿಸಿ ಅಕ್ಷರ ಕಲಿತವಳು ನಾನು. ಬರೀದೆ ಇರೋಕಾಗಲ್ಲ.

ಡಿಸೆಂಬರ್ 21, ಶನಿವಾರ

ಶೆಡ್ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ಸುರಿದಿದಾನೆ. ನೀಲಿ! ನಮ್ಮಪ್ಪ ಗೋಡೆಗೆ ಬಳೀತಿದ್ದರಲ್ಲ, ಆ ತೆಳು ನೀಲಿ. ಹಿಟ್ಟಿನ ಹಾಗೆ ನುಣುಪು.

"ಏನೋ ಇದು?"

"ತಿನ್ನರ್ ಸೋಸಿದ ಮಣ್ಣು, ದೊಡ್ಡಮ್ಮ. ಕಸ. ಮುಟ್ಟಬೇಡಿ."

ಅವನು ಗಾಡಿ ತಗೊಂಡು ಹೋದ ಮೇಲೆ ರಂಗೋಲಿಗೆ ಅಂತ ಒಂದು ಬೋಸಿ ತುಂಬ ತಂದೆ. ಕಸ ತಾನೆ. ವಾಸನೆ ಇದೆ. ಬಿಸಿಲಿಗೆ ಹಾಕಿದರೆ ಹೋಗುತ್ತೆ.

ಡಿಸೆಂಬರ್ 25, ಬುಧವಾರ

ಹಳೇ ಪಂಚೆಯಲ್ಲಿ ಜರಡಿ ಹಿಡಿದು ಇವತ್ತು ಹಾಕಿದೆ. ದೊಡ್ಡ ನವಿಲು. ಮೈಯೆಲ್ಲ ನೀಲಿ. ರತ್ನಾ, ಬೀದಿಯೇ ನಿಂತು ನೋಡ್ತು! ಎದುರುಮನೆ ಗಂಗಾಧರಯ್ಯನವರು, ಎರಡು ವರ್ಷದಿಂದ ಬರೀ ತಲೆ ಆಡಿಸೋರು, ಇವತ್ತು ಬಾಯಿಬಿಟ್ಟು "ನವಿಲು ಹಾರಿಹೋದೀತು ಕಣಮ್ಮ" ಅಂದರು. ಪಕ್ಕದ ಅಂಗನವಾಡಿಗೆ ರಜ, ಆದರೂ ಅಲ್ಲಿನ ಮಕ್ಕಳು ಬಂದು ಸುತ್ತ ಕುಣಿದವು.

ಲಕ್ಷ್ಮೀಶ ಮಾತ್ರ ನೋಡಿ ಬೆಳ್ಳಗಾದ. ಹುಗ್ಗಿ ಅರ್ಧಕ್ಕೇ ಬಿಟ್ಟ. "ಬೇರೆ ಬಣ್ಣ ತಂದುಕೊಡ್ತೀನಿ, ಇದು ಬೇಡ" ಅಂದ. ಅವನಿಗೇನು ಗೊತ್ತು ರಂಗೋಲಿ ವಿಚಾರ.

ಡಿಸೆಂಬರ್ 30, ಸೋಮವಾರ

ಬರೆಯೋ ಮನಸ್ಸಿರಲಿಲ್ಲ.

ಗುರುವಾರ ಒಬ್ಬ ಹುಡುಗಿ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಿಂದಿನ ದಿನದ ನವಿಲಿನ ರೆಕ್ಕೆಯಿಂದ ಒಂದು ಚಿಟಿಕೆ ತಗೊಂಡು ಮೂಸ್ತಿದ್ದಳು. ಹೆಸರು ವಿಶಾಖಾ. ಆಹಾರ ಇಲಾಖೆ ಇನ್ಸ್‌ಪೆಕ್ಟರ್.

"ಈ ನೀಲಿ ಎಲ್ಲಿ ತಂದ್ರಿ ಅಮ್ಮ?"

"ಗಾಂಧಿ ಬಜಾರ್."

"ಗಾಂಧಿ ಬಜಾರಿನ ರಂಗೋಲಿ ಸೀಮೆಎಣ್ಣೆ ವಾಸನೆ ಬರುತ್ತಾ?"

ಒಳಗೆ ಕರೆದು ಕಾಫಿ ಕೊಟ್ಟೆ. ಇನ್ನೇನು ಮಾಡಲಿ. ಹೇಳಿದಳು — ಹಳ್ಳಿ ರೇಷನ್ ಅಂಗಡಿಗೆ ಸರ್ಕಾರ ನೀಲಿ ಹಾಕಿ ಕಳಿಸೋ ಸೀಮೆಎಣ್ಣೆ ಇಲ್ಲಿಗೆ ಕದ್ದು ಬರುತ್ತಂತೆ. ಮಣ್ಣಲ್ಲಿ ಸೋಸಿದರೆ ಬಣ್ಣ ಮಣ್ಣಿಗೆ, ಎಣ್ಣೆ ನೀರಿನ ಹಾಗೆ. ಆಮೇಲೆ ಡೀಸೆಲ್‌ಗೆ ಬೆರಕೆ. ಈ ಕಡೆ ಎಲ್ಲೋ ನಡೀತಿದೆ ಅಂತ ಗೊತ್ತಿತ್ತಂತೆ, ಮನೆ ಸಿಕ್ಕಿರಲಿಲ್ಲ. ನಾನೇ ಬಾಗಿಲಲ್ಲಿ ಬರೆದಿಟ್ಟಿದ್ದೆ.

"ಮತ್ತೆ ಈಗಲೇ ಯಾಕೆ ಹಿಡೀಬಾರದು?" ಕೇಳಿದೆ.

ನಕ್ಕಳು. "ಇಡೀ ವಲಯಕ್ಕೆ ನಾವಿಬ್ಬರು. ಇರೋ ಒಂದು ಜೀಪು ಮೂರು ಆಫೀಸಿಗೆ. ಪೊಲೀಸರು ಮುಂದಿನ ವಾರ ಶುಕ್ರವಾರ ಜನ ಕೊಡ್ತೀವಿ ಅಂದಿದಾರೆ. ಡೀಸೆಲ್ ಕಳ್ಳರನ್ನ ಹಿಡಿಯೋಕೆ ನಮ್ಮ ಗಾಡಿಗೇ ಡೀಸೆಲ್ ಇಲ್ಲ, ಅಮ್ಮ."

ನಮ್ಮ ಯಜಮಾನರು, ನಿನ್ನ ಭಾವ, ನೆನಪಾದರು. ಅದೇ ಇಲಾಖೆ ಜೀಪ್ ಓಡಿಸಿದವರು, ಇದೇ ಮಾತು ಹೇಳಿ ಹೇಳಿ ರಿಟೈರ್ ಆದರು.

ಹೋಗುವಾಗ ಶೆಡ್ಡಿನ ಗೋಡೆ ಮೇಲೆ ಕೈಯಿಟ್ಟಳು. ಆ ಕಡೆಯಿಂದ ಅಂಗನವಾಡಿ ಮಕ್ಕಳ ಪದ್ಯ ಕೇಳ್ತಿತ್ತು. "ಒಂದು ಕಿಡಿ ಸಾಕು" ಅಂದಳು. ಅಷ್ಟೇ. ಅವನಿಗೆ ಹೇಳಬೇಡಿ ಅಂತಲೂ ಅನ್ನಲಿಲ್ಲ.

ಜನವರಿ 2, ಗುರುವಾರ

ನಾಳೆ ಬರ್ತಾರೆ.

ಇವತ್ತು ಬೆಳಿಗ್ಗೆ ಕೇಳಿದ — "ಯಾರೋ ಮೇಡಂ ಬಂದಿದ್ರಂತೆ?" ರೇಷನ್ ಕಾರ್ಡಿನೋರು ಅಂದೆ. ನಂಬಿದ. ಜೇಬಿಂದ ಎರಡು ಪೊಟ್ಟಣ ತೆಗೆದ. ಮಾಮೂಲ್‌ಪೇಟೆಯಿಂದ ತಂದದ್ದು, ರಂಗೋಲಿ ಪುಡಿ. ಒಂದು ನೀಲಿ, ಒಂದು ಹಸಿರು.

ಹೇಳಿದರೆ ಸೀಮೆಎಣ್ಣೆ ಡ್ರಮ್ಮೆಲ್ಲ ಇನ್ನೊಂದು ಗೋಡೆ ಪಕ್ಕ ಹೋಗುತ್ತೆ. ಅಲ್ಲೂ ಯಾರದೋ ಮಕ್ಕಳು. ಹೇಳದಿದ್ದರೆ ಇವನು ಜೈಲು. ಆಮೇಲೆ ಈ ಬಾಗಿಲಲ್ಲಿ ಯಾರು ಕೂಗಬೇಕು?

ಒಂದು ಹೊಳೆದಿದೆ. ನಾಳೆ ರಂಗೋಲಿ ಹಾಕಲ್ಲ. ಧನುರ್ಮಾಸದಲ್ಲಿ ಹೊಸಿಲು ಖಾಲಿ ಅಂದರೆ ಏನೋ ಸರಿಯಿಲ್ಲ ಅಂತ ಅವನಿಗೆ ಗೊತ್ತಾಗುತ್ತೆ. ಹಾಗೇ ತಿರುಗಿ ಹೋಗಲಿ. ಡ್ರಮ್ಮು ಅವರಿಗೆ ಸಿಗಲಿ, ಅವನು ಎಲ್ಲಾದರೂ ಬದುಕಿಕೊಳ್ಳಲಿ. ಬಾಯಿಬಿಟ್ಟು ಹೇಳಿದ ಹಾಗೂ ಆಗಲಿಲ್ಲ.

ಜನವರಿ 3, ಶುಕ್ರವಾರ. ಸಂಜೆ

ಜೀಪು ಬರಲಿಲ್ಲ. ಯಾವುದೋ ಮೀಟಿಂಗಿಗೆ ಹೋಗಿತ್ತಂತೆ. ಬೆಳಕು ಹರಿಯೋ ಮುಂಚೆ ವಿಶಾಖಾ, ಇಬ್ಬರು ಪೊಲೀಸರು ಆಟೋದಲ್ಲಿ ಬಂದರು. ಆಟೋ ಹೊರಟುಹೋಯ್ತು. ಅವರು ಹಿತ್ತಿಲಲ್ಲಿ, ಶೆಡ್ಡಿನ ಹತ್ತಿರ. ಬೀದೀಲಿ ಏನೂ ಇಲ್ಲ. ಖಾಲಿ ಹೊಸಿಲು ಒಂದೇ.

ನಾನು ಕಿಟಕೀಲಿ. ಅವನ ಗಾಡಿ ಮೂಲೇಲಿ ತಿರುಗಿತು. ನಿಂತಿತು. ನೋಡಿದ. ಹೋಗು, ಹೋಗು ಅಂತ ಮನಸ್ಸಲ್ಲೇ ಅಂತಿದೀನಿ.

ಗಾಡಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ. ಅಲ್ಲೇ ಬೀಳಿಸಿ ಓಡಿಬಂದ.

"ದೊಡ್ಡಮ್ಮಾ! ದೊಡ್ಡಮ್ಮಾ! ರಂಗೋಲಿ ಇಲ್ವಲ್ಲ! ಏನಾಯ್ತು? ಹುಷಾರಿದೀರಾ?"

ಚಪ್ಪಲಿ ಕಾಲಲ್ಲೇ ನಡುಮನೆಗೆ ಬಂದು ನನ್ನ ಹಣೆ ಮುಟ್ಟಿ ನೋಡ್ತಿದ್ದ, ಪೊಲೀಸರು ಹಿಂದಿನ ಬಾಗಿಲಿಂದ ಬಂದಾಗ.

ಓಡಲಿಲ್ಲ. ನನ್ನ ಮುಖ ನೋಡಿದ. ಅರ್ಥವಾಯ್ತು ಅವನಿಗೆ. ಬೈದಿದ್ದರೆ ಚೆನ್ನಾಗಿತ್ತು. "ಜ್ವರ ಇಲ್ಲ ಬಿಡಿ" ಅಂದ. ಮೆಲ್ಲಗೆ.

ಪಂಚನಾಮೆಗೆ ಸಾಕ್ಷಿ ಬೇಕು ಅಂದರು. ಗಂಗಾಧರಯ್ಯನವರು ಬಾಗಿಲು ತೆಗೀಲಿಲ್ಲ. ನಾನು ಸೈನ್ ಹಾಕಿದೆ. ಅಂಗನವಾಡಿ ಅಷ್ಟು ಹೊತ್ತಿಗೆ ಶುರುವಾಗಿತ್ತು.

ಜನವರಿ 5, ಭಾನುವಾರ

ಹುಗ್ಗಿ ಮತ್ತೆ ಜಾಸ್ತಿ ಆಯ್ತು.

ರತ್ನಾ, ನಿನಗೆ ಕಾಗದ ಹಾಕಿದೆ. ಕ್ಷೇಮ ಅಂತ.

ಜನವರಿ 9, ಗುರುವಾರ. ಬೆಳಿಗ್ಗೆ

ಅವನು ತಂದ ಪೊಟ್ಟಣ ಹಾಗೇ ಇದೆ. ಬಿಚ್ಚಿಲ್ಲ. ಅವತ್ತಿನಿಂದ ಹೊಸಿಲು ಖಾಲಿ. ಹಾಲಿನವನು ದಾಟಿ ಹೋದ. ಗಂಗಾಧರಯ್ಯನವರು ದಾಟಿ ಹೋದರು, ತಲೆ ಆಡಿಸಿದರು. ಅಂಗನವಾಡಿ ಟೀಚರು ದಾಟಿದರು. ರಂಗೋಲಿ ಯಾಕಿಲ್ಲ, ಏನಾಯ್ತು, ಹುಷಾರಿದೀರಾ ಅಂತ ಒಬ್ಬರೂ ಕೇಳಲಿಲ್ಲ.